ಪಟ್ಟಾ ಜಾರಿದ ಸಂಜಿ

ಹೋದ ವಾರ ನಮ್ಮ ದೊಡ್ಡ ವೈನಿ ಫೋನ್ ಮಾಡಿ, "ಅಲ್ಲವಾ, ಕೈಯಾಗ ಪಾನಾ ಹಿಡಕೊಂಡು ನಿಂತ ಫೋಟೋ ಕಳಿಸೀಯಲ್ಲ, ಟ್ರ್ಯಾಕ್ಟರ್ ರಿಪೇರಿ ನಡಸೀಯೇನು?" ಅಂತ ಕೇಳಿದ್ರು. ಟ್ರ್ಯಾಕ್ಟರ್ ಅಲ್ರಿ ವೈನಿ, ಸ್ನೋಮೊಬೈಲು. ಇಲ್ಲೆ ಉತ್ತರ ಒಂಟಾರಿಯೊದಾಗ ಕೆರಿ ಹೆಪ್ಪುಗಟ್ಟಿದ ಮ್ಯಾಲೆ ಅದ ನಮ್ಮ ಸ್ಕೂಟಿ. ಮುಂದ ಎರಡು ಸ್ಕೀ, ಹಿಂದ ಎಂಜಿನ್ ತಿರುಗಿಸೋ ಅಗಲನ್ನ ರಬ್ಬರಿನ ಪಟ್ಟಾ. ಆ ಪಟ್ಟಾದ ಕತಿ ಎಲ್ಲಾರಿಗೂ ಒಮ್ಮೆಗೇ ಹೇಳಿಬಿಡ್ತೀನಿ.

ನಮ್ಮನಿಯವರು ಗಣಿ ಕೆಲಸಕ್ಕ ಹೋದ್ರ ಎರಡು ವಾರ ಬರಂಗಿಲ್ಲ. ಕೆರಿ ಆಚಿ ದಂಡಿಗೆ ಒಬ್ಬ ಅಜ್ಜಿ ಒಬ್ಬರ ಇರ್ತಾರ. ಚಳಿಗಾಲದಾಗ ಅವರ ಮನಿ ದಾರಿ ಹಿಮದಾಗ ಮುಚ್ಚಿ ಹೋಗ್ತದ. ವಾರಕ್ಕೊಮ್ಮೆ ಅವರ ಬಿ.ಪಿ. ಗುಳಿಗಿ, ಹಾಲು, ಬ್ರೆಡ್ಡು ನಾನ ಒಯ್ದು ಕೊಡ್ತೀನಿ.

ಜನವರಿಯಾಗ ಬಂಡಿ ಒಂದು ಸಪ್ಪಳ ಶುರು ಮಾಡ್ತು. ಒಮ್ಮೆಲೆ ಜೋರು ಮಾಡಿದ್ರ ಕೆಳಗಿಂದ ಟಕ್, ಟಕ್. ಬ್ರೇಕ್ ಒತ್ತಿದ್ರೂ ಹಂಗ. "ಅವರು ಬಂದ ಮ್ಯಾಲೆ ನೋಡಿದ್ರಾತು" ಅಂತ ಎರಡು ವಾರ ತಳ್ಳಿದೆ. ಮಿಕ್ಸರ್ ಕಿರಗುಟ್ಟಿದ್ರೂ ನಾವು ಹಿಂಗ ಮಾಡ್ತೀವಲ್ಲಾ, ಹಂಗ.

ಒಂದು ಸಂಜಿಮುಂದ, ಮೈನಸ್ 27 ಡಿಗ್ರಿ, ಹಿಂದ ಮಗಳನ್ನ ಕೂಡಿಸಿಕೊಂಡು ಹೊಂಟೆ. ಸ್ವಲ್ಪ ದೂರ ಹೋಗಿದ್ವಿ, ಹಿಮದ ದಿಬ್ಬ ಏರೂಮುಂದ ಟಕಟಕ ಬಡಕೊಂಡು ಬಂಡಿ ನಿಂತಂಗಾತು. ಮುಂದ 4 ಕಿಲೋಮೀಟರ್ ಬರೇ ಬಯಲು, ಹೊತ್ತು ಮುಳುಗಲಿಕ್ಕೆ ಹತ್ತಿತ್ತು. ಅಜ್ಜಿಗೆ ಫೋನ್ ಹಚ್ಚಿದೆ. ಅವರು ಮೊದಲ ಕೇಳಿದ್ದು, "ಕೂಸು ಸಂಗಡ ಅದ ಏನು?" ಹೌದು ಅಂದೆ. "ನನ್ನ ಗುಳಿಗಿ ಇನ್ನೂ ಮೂರು ದಿನಕ್ಕಾಗೋವಷ್ಟು ಅವ. ಸಾವಕಾಶ ತಿರುಗಿಸಿಕೊಂಡು ಮನಿಗೆ ಹೋಗು. ನಾಳೆ ಮುಂಜಾನೆ ನಾ ಹೇಳಿಕೊಡ್ತೀನಿ."

ಮರುದಿನ ಫೋನಿನ್ಯಾಗನ ಪಾಠ ನಡೀತು. ಮೊದಲು ರೋಗ ಯಾವುದು ಅಂತ ಗುರುತಿಸಬೇಕು. ಎಂಜಿನ್ ಬರೇ ಕೂಗ್ತದ, ಬಂಡಿ ಮುಂದ ಹೋಗಂಗಿಲ್ಲ, ಸುಟ್ಟ ರಬ್ಬರಿನ ವಾಸನಿ ಬರ್ತದ ಅಂದ್ರ ಎಂಜಿನ್ ಬಾಜೂಕಿನ ಬೆಲ್ಟ್ ಜಾರ್ಲಿಕತ್ತದ. ಗಿರಣ್ಯಾಗ ಪಟ್ಟಾ ಜಾರಿ ಬೀಸೋ ಕಲ್ಲು ನಿಲ್ತದಲ್ಲಾ, ಅದ ಜಾತಿ. ಟಕ್ ಟಕ್ ಅಂದ್ರ ಮಾತ್ರ ಕೆಳಗಿನ ಪಟ್ಟಾ ಸಡಿಲಾಗೇದ ಅಂತ ತಿಳಕೋಬೇಕು. ಅದರ ಒಳಮೈಗೆ ರಬ್ಬರಿನ ಹಲ್ಲು ಇರ್ತಾವ, ಮುಂದಿನ ಹಲ್ಲಿನ ಗಾಲಿ ಅವನ್ನ ಹಿಡದು ಎಳೀತದ. ಸಡಿಲಾದ್ರ ಗಾಲಿ ಹಲ್ಲು ದಾಟಿ ಹಾರ್ತದ. ಹಂಗ ಬಿಟ್ರ ಹಲ್ಲು ಕಿತ್ತು ಹೋಗಿ ಇಡೀ ಪಟ್ಟಾನ ಬದಲಿಸಬೇಕಾಗ್ತದ.

ಈ ಹಲ್ಲಿನ ಗಾಲಿ, ಪಟ್ಟಾದ ಜೋಡಿ ಕೆನಡಾದ್ದ. ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅನ್ನೋರಿಗೆ ಸಣ್ಣಂದಿನಿಂದ ಹಿಮದ ಬಂಡಿ ಮಾಡೋ ಹುಚ್ಚು. 1934ರ ಚಳಿಗಾಲದಾಗ ಅವರ ಎರಡು ವರ್ಷದ ಮಗನಿಗೆ ಹೊಟ್ಟ್ಯಾಗ ನಂಜಾತು. ದಾರಿ ತುಂಬ ಹಿಮ, ದವಾಖಾನಿಗೆ ಒಯ್ಯಲಿಕ್ಕೆ ಆಗಲಿಲ್ಲ, ಕೂಸು ಹೋತು. ಈ ಗಾಲಿ, ಪಟ್ಟಾಕ್ಕ ಅವರಿಗೆ ಪೇಟೆಂಟ್ ಸಿಕ್ಕದ್ದು 1937ರಾಗ.

ಬಂಡಿ ಶೆಡ್ಡಿನಾಗ ತಂದು, ಒಳಗ ಸಿಕ್ಕ ಐಸೆಲ್ಲಾ ಕರಗೋತನಕ ಕಾದೆ. ಐಸ್ ಇದ್ರ ಅಳತಿ ತಪ್ತದ. ಎಂಜಿನ್ ಬಂದ್ ಮಾಡಿ, ಹಿಂಭಾಗ ಎತ್ತಿ ಸ್ಟ್ಯಾಂಡಿಗೆ ನಿಲ್ಲಿಸಿ, ಪಟ್ಟಾ ಜೋತು ಬೀಳೂಹಂಗ ಮಾಡಿದೆ. ಪಟ್ಟಾದ ಕೆಳಗಿನ ಭಾಗದ ನಡುವ ಸ್ಪ್ರಿಂಗ್ ತಕ್ಕಡಿ ಸಿಗಿಸಿ ಕೆಳಗ ಜಗ್ಗಿದೆ. ನಮ್ಮ ಬಂಡಿ ಪುಸ್ತಕದಾಗ 7.3 ಕಿಲೋಕ್ಕ 30ರಿಂದ 35 ಮಿಲಿಮೀಟರ್ ಜೋತು ಬೀಳಬೇಕು ಅಂತದ. ಬಂಡಿ ಬದಲಾದ್ರ ಲೆಕ್ಕನೂ ಬದಲು. ನನ್ನದು 60 ಇತ್ತು! ಹಿಂದಿನ ಗಾಲಿ ಅಚ್ಚಿನ ಬೋಲ್ಟ್ ಸಡಿಲ ಮಾಡಿ, ಎರಡೂ ಕಡಿ ಬಿಗಿ ಮಾಡೋ ಬೋಲ್ಟುಗಳನ್ನ ಕಾಲು ಸುತ್ತು, ಕಾಲು ಸುತ್ತು, ಸಮಾ ಸಮಾ ತಿರುಗಿಸಿದೆ. ಹೊರಸಿನ ನವಾರ ಬಿಗಿಯೋಮುಂದ ಒಂದ ಕಡಿ ಎಳದ್ರ ಹೊರಸು ಸೊಟ್ಟಾಗ್ತದಲ್ಲಾ, ಇದೂ ಹಂಗ. "ಭಾಳ ಬಿಗಿ ಮಾಡಬ್ಯಾಡ" ಅಂದ್ರು ಅಜ್ಜಿ. ಬಿಗಿ ಹೆಚ್ಚಾದ್ರ ಪಟ್ಟಾ ಸರಿದಾಡೋ ಪ್ಲಾಸ್ಟಿಕ್ ಪಟ್ಟಿ ಲಗೂನ ಸವೀತದ, ಬೇರಿಂಗಿಗೂ ಭಾರ.

ಆಮ್ಯಾಲೆ ಎಂಜಿನ್ ಚಾಲೂ ಮಾಡಿ ಪಟ್ಟಾ ಮೆಲ್ಲಕ ತಿರುಗಿಸಿದೆ. ಆವಾಗ ಹಿಂದ ಯಾರೂ ನಿಲ್ಲಬಾರದು, ಕಲ್ಲು ಐಸು ಗುಂಡಿನಂಗ ಹಾರ್ತಾವ. ಮಗಳನ್ನ ಮನಿಯೊಳಗ ಕಳಿಸಿದ್ದೆ. ಎಂಜಿನ್ ಬಂದ್ ಮಾಡಿ, ಪಟ್ಟಾದ ಕ್ಲಿಪ್ಪಿಗೂ ಪ್ಲಾಸ್ಟಿಕ್ ಪಟ್ಟಿಗೂ ನಡುವಿನ ಸಂದು ಎರಡೂ ಕಡಿ ಸಮಾ ಅದನೋ ನೋಡಿದೆ. ಎಡಕ್ಕ ಕಮ್ಮಿ ಇತ್ತು. ಸಂದು ಕಮ್ಮಿ ಇದ್ದ ಕಡೀದ ಬೋಲ್ಟ್ ಸ್ವಲ್ಪ ಬಿಗಿ ಮಾಡಬೇಕು. ಎರಡು ಸರ್ತಿ ಮಾಡಿದ ಮ್ಯಾಲೆ ಸರಿಗೆ ಬಂತು. ಜೋತು ಇನ್ನೊಮ್ಮೆ ಅಳದು, ಅಚ್ಚಿನ ಬೋಲ್ಟ್ ಗಟ್ಟಿ ಮಾಡಿದೆ. ವೈನಿ, ಆ ಫೋಟೋ ಅವತ್ತಿಂದು.

ಮಧ್ಯಾಹ್ನ ಕೆರಿ ದಾಟಿದೆ, ಒಂದೂ ಟಕ್ ಇಲ್ಲ. ಅಜ್ಜಿ ಚಹಾ ಕಾಸಿದ್ರು. ಗುಳಿಗಿ ಇಡೋಣಂತ ಡಬ್ಬಿ ತಗದು ನೋಡಿದ್ರ ಒಳಗ ಒಂದೂ ಇರಲಿಲ್ಲ.

"ಮೂರು ದಿನದ್ದು ಅವ ಅಂದಿದ್ರಿ?"

"ಹಂಗ ಹೇಳದಿದ್ರ ನೀ ತಿರುಗತಿದ್ದೇನು? ಕತ್ತಲದಾಗ, ಕೆರಿ ನಡುವ, ಕೂಸನ್ನ ಕಟಗೊಂಡು?" ಅಂದು ಬಿಸ್ಕಿಟಿನ ತಾಟು ನನ್ನ ಮುಂದ ಸರಿಸಿದ್ರು.

ನನಗ ಬಾಯಿ ಬರಲಿಲ್ಲ. ಎರಡು ವಾರ ಆ ಟಕ್ ಟಕ್ ಕೇಳಿದ್ದು ನಾನು, ಗುಳಿಗಿ ಇಲ್ಲದ ರಾತ್ರಿ ಕಳದದ್ದು ಅವರು. ಈಗ ಶೆಡ್ಡಿನ ಬಾಗಲಾ ಮ್ಯಾಲೆ ಸೀಮೆಸುಣ್ಣದಲೆ ಅಳದ ತಾರೀಖು ಬರೀತೀನಿ. ಅವರ ಮನ್ಯಾಗ ಒಂದು ವಾರದ್ದು ಹೆಚ್ಚಿನ ಗುಳಿಗೀನೂ ಇಟ್ಟು ಬಂದೀನಿ, ಹೋದಾಗೊಮ್ಮೆ ಡಬ್ಬಿ ನಾನ ತಗದು ಎಣಸ್ತೀನಿ.