ನಕಲು ಮಾಡಿದ್ದು ಎಲ್ಲಿರುತ್ತದೆ?

ಕತ್ತರಿ ಮತ್ತು ಅಂಟು. ಒಂದು ಕಾಲದಲ್ಲಿ ಈ ಎರಡು ಇಲ್ಲದ ಪತ್ರಿಕಾ ಕಚೇರಿಯೇ ಇರಲಿಲ್ಲ. ಲೇಖನದ ಮೂರನೆಯ ಪ್ಯಾರಾ ಮೊದಲಿಗೆ ಬಂದರೆ ಚೆನ್ನ ಎನಿಸಿದರೆ ಉಪಸಂಪಾದಕರು ಹಾಳೆಯನ್ನು ಅಲ್ಲಿಗೇ ಕತ್ತರಿಸಿ, ತುಂಡನ್ನು ಮೇಲಕ್ಕೆ ಅಂಟಿಸಿ, ಮೊಳೆ ಜೋಡಿಸುವವರಿಗೆ ಕಳಿಸುತ್ತಿದ್ದರು. ಇಂದು ಏಳನೆಯ ತರಗತಿಯ ಹುಡುಗನೂ ಕಂಪ್ಯೂಟರಿನ ಮುಂದೆ ಕುಳಿತು ಎರಡು ಕೀಲಿ ಒತ್ತಿ ಅದೇ ಕೆಲಸ ಮಾಡಿ ಮುಗಿಸುತ್ತಾನೆ. ‘ಕಟ್’, ‘ಕಾಪಿ’, ‘ಪೇಸ್ಟ್’ ಎಂಬ ಮೂರೂ ಈಗ ಮನೆಮಾತು. ಅವು ಬಂದದ್ದು ಆ ಕತ್ತರಿ, ಅಂಟುಗಳಿಂದಲೇ.

ಇವನ್ನು ಕಂಪ್ಯೂಟರಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಲ್ಯಾರಿ ಟೆಸ್ಲರ್. 1945ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು 1973ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿದರು. ಅಲ್ಲಿ ಟಿಮ್ ಮಾಟ್ ಎಂಬವರೊಡನೆ ಸೇರಿ ‘ಜಿಪ್ಸಿ’ ಎಂಬ ಬರವಣಿಗೆಯ ಪ್ರೋಗ್ರಾಂ ರಚಿಸಿದರು. ಅದು ತಯಾರಾದದ್ದು ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯ ಸಂಪಾದಕರಿಗಾಗಿ ಎಂಬುದು ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಕತ್ತರಿ ಹಿಡಿದು ಅಭ್ಯಾಸವಾದವರಿಗೆ ಕಂಪ್ಯೂಟರು ಹೊಸ ಭಾಷೆ ಕಲಿಸಬಾರದು, ಅವರ ಭಾಷೆಯನ್ನೇ ಅದು ಕಲಿಯಬೇಕು ಎಂಬುದು ಅದರ ಹಿಂದಿದ್ದ ವಿಚಾರ. ಮುಂದೆ ಆಪಲ್ ಕಂಪನಿಯ ಲೀಸಾ (1983) ಮತ್ತು ಮೆಕಿಂಟಾಷ್ (1984) ಮೂಲಕ ಈ ಪದ್ಧತಿ ಎಲ್ಲೆಡೆ ಹರಡಿತು. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸರಿ, ನಕಲು ಮಾಡಿದ್ದು ಅಂಟಿಸುವವರೆಗೆ ಎಲ್ಲಿರುತ್ತದೆ? ‘ಕ್ಲಿಪ್‌ಬೋರ್ಡ್’ನಲ್ಲಿ ಎಂದು ಉತ್ತರ ಬರುತ್ತದೆ. ಪರೀಕ್ಷೆಗೆ ಹೋಗುವಾಗ ಮಕ್ಕಳು ಒಯ್ಯುವ, ಮೇಲೆ ಕ್ಲಿಪ್ ಇರುವ ರಟ್ಟಿನ ಹೆಸರೇ ಇದಕ್ಕೂ. ಆದರೆ ಕಂಪ್ಯೂಟರಿನ ಈ ರಟ್ಟಿಗೆ ಒಂದು ಸಲಕ್ಕೆ ಒಂದೇ ಹಾಳೆ. ಎರಡನೆಯದನ್ನು ಸಿಕ್ಕಿಸಿದೊಡನೆ ಮೊದಲನೆಯದು ಹಾರಿಹೋಗುತ್ತದೆ. ಇಷ್ಟು ಹೆಚ್ಚಿನವರಿಗೆ ಗೊತ್ತು. ಲೈನಕ್ಸ್ ಬಳಸುವವರು ಇನ್ನೂ ಒಂದು ಸಂಗತಿಯನ್ನು ಬೇಗನೆ ಕಲಿಯಬೇಕಾಗುತ್ತದೆ. ಕೆಲವರು ಅದನ್ನು ಕಷ್ಟಪಟ್ಟೇ ಕಲಿಯುತ್ತಾರೆ.

ನಿವೃತ್ತರಾದ ಒಬ್ಬ ಗುಮಾಸ್ತರ ಮನೆಯಲ್ಲಿ ನಡೆದದ್ದನ್ನೇ ನೋಡಿ. ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಮನೆಯ ಹಳೆಯ ಕಂಪ್ಯೂಟರಿಗೆ ಲೈನಕ್ಸ್ ಹಾಕಿ, ಭಾರವಾದ ಅಲಂಕಾರಗಳನ್ನೆಲ್ಲ ತೆಗೆದು ಹಗುರ ಮಾಡಿಟ್ಟಿದ್ದಳು. ಅದರಲ್ಲಿ ತಂದೆ ಒಂದು ತಿಂಗಳಿಂದ ತಮ್ಮ ತಾಯಿಯ ನೆನಪುಗಳನ್ನು ಬರೆಯುತ್ತಿದ್ದರು. ಬೀಸುವ ಕಲ್ಲಿನ ಹಾಡು, ಬರಗಾಲದ ವರ್ಷದ ಊಟ, ಊರ ಕೆರೆ ಕೋಡಿ ಬಿದ್ದ ರಾತ್ರಿ, ಹೀಗೆ ನಾಲ್ಕು ಪುಟ. ಅದನ್ನು ಬೇರೆ ಪ್ರೋಗ್ರಾಂನಲ್ಲಿ ಚೆಂದವಾಗಿ ಜೋಡಿಸೋಣವೆಂದು ಒಂದು ದಿನ ನಾಲ್ಕೂ ಪುಟವನ್ನು ‘ಕಟ್’ ಮಾಡಿದರು. ಉಳಿದದ್ದನ್ನು ಸೇವ್ ಮಾಡಿ, ಆ ಪ್ರೋಗ್ರಾಂ ಮುಚ್ಚಿ, ಇನ್ನೊಂದನ್ನು ತೆರೆದು ‘ಪೇಸ್ಟ್’ ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಖಾಲಿ ಪುಟ ಖಾಲಿಯಾಗಿಯೇ ಉಳಿಯಿತು.

“ಅಪ್ಪಾ, ಯಾವುದರಿಂದ ಕಟ್ ಮಾಡಿದಿರಿ? ಅದನ್ನ ಮುಚ್ಚಿಬಿಟ್ಟಿರಾ?” ಎಂದು ಮಗಳು ಓಡಿ ಬಂದಳು.

“ಮುಚ್ಚದೆ ಇನ್ನೇನಮ್ಮ? ಕೆಲಸ ಮುಗೀತಲ್ಲ.”

ಹಳೆಯ ಪ್ರತಿಗಾಗಿ ಅವಳು ರಾತ್ರಿಯವರೆಗೆ ಹುಡುಕಿದಳು. ಸಿಗಲಿಲ್ಲ. ತಂದೆ ಯಾರನ್ನೂ ಬೈಯಲಿಲ್ಲ. “ಇರಲಿ ಬಿಡು, ಮತ್ತೆ ಬರೆದರಾಯ್ತು” ಎಂದರು. ಆದರೆ ಅವರ ಮುಖ ನೋಡಿದ ಮಗಳಿಗೆ ಅಂದು ಊಟ ಸೇರಲಿಲ್ಲ.

ಆದದ್ದೇನು? ಲೈನಕ್ಸಿನ ಪರದೆಯ ಕೆಲಸವನ್ನು ಬಹುಕಾಲದಿಂದ ನೋಡಿಕೊಂಡು ಬಂದದ್ದು ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ಹುಟ್ಟಿದ ಇದರ ಹನ್ನೊಂದನೆಯ ಆವೃತ್ತಿ ಹೊರಬಂದದ್ದು 1987ರಲ್ಲಿ. ಈ ವ್ಯವಸ್ಥೆಯಲ್ಲಿ ‘ಕಾಪಿ’ ಒತ್ತಿದಾಗ ಅಕ್ಷರಗಳು ಎಲ್ಲಿಗೂ ಹೋಗುವುದಿಲ್ಲ! ಆ ಪ್ರೋಗ್ರಾಂ ಕೈಯೆತ್ತಿ, “ಈಗಿನಿಂದ ಕ್ಲಿಪ್‌ಬೋರ್ಡಿನ ಒಡೆಯ ನಾನು” ಎಂದು ಸಾರುತ್ತದೆ, ಅಷ್ಟೆ. ಇನ್ನೊಂದು ಪ್ರೋಗ್ರಾಂನಲ್ಲಿ ‘ಪೇಸ್ಟ್’ ಒತ್ತಿದಾಗ ಅದು ಎಕ್ಸ್‌ನ ಮೂಲಕ ಒಡೆಯನಿಗೆ ಹೇಳಿಕಳಿಸುತ್ತದೆ. ಆಗ ಮಾತ್ರ ಒಡೆಯ ಸರಕನ್ನು ಕೊಡುತ್ತಾನೆ. “ಆ ಪುಸ್ತಕ ನನ್ನ ಹತ್ತಿರ ಇದೆ, ಬೇಕಾದಾಗ ಬಂದು ಕೇಳಿ” ಎಂದವರು ನಾವು ಹೋಗಿ ಕೇಳುವುದರೊಳಗೆ ಮನೆಗೆ ಬೀಗ ಹಾಕಿ ಊರು ಬಿಟ್ಟರೆ ಹೇಗೋ, ಪ್ರೋಗ್ರಾಂ ಮುಚ್ಚಿದರೆ ಹಾಗೆ. ಆ ತಂದೆಯ ನಾಲ್ಕು ಪುಟಗಳು ಯಾವ ರಟ್ಟಿನ ಮೇಲೂ ಇರಲಿಲ್ಲ. ಇದ್ದದ್ದು ಒಂದು ಮಾತು ಮಾತ್ರ. ಮಾತು ಕೊಟ್ಟ ಪ್ರೋಗ್ರಾಂ ಹೊರಟುಹೋಗಿತ್ತು.

ಇದೆಂಥ ವಿಚಿತ್ರ ಏರ್ಪಾಡು ಎನ್ನಬೇಡಿ. ಇದರಲ್ಲಿ ಲಾಭವೂ ಉಂಟು. ಯಾರೂ ಕೇಳದ ಸರಕನ್ನು ಸುಮ್ಮನೆ ಹೊತ್ತು ಸಾಗಿಸುವ ಶ್ರಮ ಇಲ್ಲ. ಜೊತೆಗೆ, ಕೇಳುವವನು “ಯಾವ ಯಾವ ರೂಪದಲ್ಲಿ ಕೊಡಬಲ್ಲೆ?” ಎಂದು ಮೊದಲೇ ವಿಚಾರಿಸಬಹುದು. ಅಕ್ಷರವಾಗಿಯೋ, ಚಿತ್ರವಾಗಿಯೋ, ಬಣ್ಣ ಬಳಿದ ಪುಟವಾಗಿಯೋ? ಕನ್ನಡಿಗರಿಗೆ ಈ ಪ್ರಶ್ನೆಯ ಬೆಲೆ ಚೆನ್ನಾಗಿ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಬೇರೆಡೆಗೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತದ್ದನ್ನು ಕಂಡವರು ಎಷ್ಟೋ ಮಂದಿ. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ, ಪಡೆಯುವವನು ಆ ರೂಪದಲ್ಲಿ ಕೇಳಿದರೆ ಸಾಕು.

ಮಾರನೆಯ ದಿನದಿಂದ ಮಗಳು ಈ ವಿಷಯದ ಬೆನ್ನು ಹತ್ತಿದಳು. ಲೈನಕ್ಸಿನಲ್ಲಿ ‘ಟರ್ಮಿನಲ್’ ಎಂಬ ಕಪ್ಪು ಪರದೆ ಉಂಟು. ಅಲ್ಲಿ ಮೌಸ್‌ಗೆ ಕೆಲಸ ಕಡಿಮೆ. ಬೇಕಾದದ್ದನ್ನು ಒಂದು ಸಾಲಿನಲ್ಲಿ ಬರೆದು ಆಜ್ಞೆ ಕೊಡಬೇಕು. ಆ ಸಾಲಿಗೆ ‘ಕಮಾಂಡ್ ಲೈನ್’ ಎಂದು ಹೆಸರು. ಒಂದು ಆಜ್ಞೆಯಿಂದ ಹೊರಬಂದದ್ದನ್ನು ಕೊಳಾಯಿಯಲ್ಲಿ ನೀರು ಹರಿಸಿದಂತೆ ಮತ್ತೊಂದಕ್ಕೆ ಹರಿಸಬಹುದು. ಯುನಿಕ್ಸ್‌ನಲ್ಲಿ 1973ರಲ್ಲಿ ಬಂದ ಈ ಉಪಾಯಕ್ಕೆ ‘ಪೈಪ್’ ಎಂದೇ ಹೆಸರು. ಅದರ ಗುರುತು ಒಂದು ನಿಂತ ಗೆರೆ.

ಈ ಕೊಳಾಯಿಯ ತುದಿಗೆ ‘ಎಕ್ಸ್‌ಕ್ಲಿಪ್’ ಎಂಬ ಪುಟ್ಟ ಪ್ರೋಗ್ರಾಂ ಸಿಕ್ಕಿಸಿದರೆ ಹರಿದು ಬಂದದ್ದೆಲ್ಲ ಕ್ಲಿಪ್‌ಬೋರ್ಡಿಗೆ ಸೇರುತ್ತದೆ. ಸಾವಿರ ಸಾಲಿನ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಪತ್ರದಲ್ಲಿ ಅಂಟಿಸಬೇಕೆ? ಜೋಡಿಸುವ ಆಜ್ಞೆ, ಒಂದು ನಿಂತ ಗೆರೆ, ಎಕ್ಸ್‌ಕ್ಲಿಪ್. ಮುಗಿಯಿತು. ಆಜ್ಞೆ ಮುಗಿದಂತೆ ಕಂಡರೂ ಎಕ್ಸ್‌ಕ್ಲಿಪ್ ಹೋಗಿರುವುದಿಲ್ಲ. ಹಿನ್ನೆಲೆಯಲ್ಲಿ ಕುಳಿತು ಕಾಯುತ್ತಿರುತ್ತದೆ. ಏಕೆಂದರೆ ಒಡೆತನ ಈಗ ಅದರದು, ಕೇಳಿದವರಿಗೆ ಕೊಡಬೇಕಲ್ಲ! ಬೇರೆ ಯಾರಾದರೂ ಒಡೆತನ ವಹಿಸಿಕೊಂಡ ಮೇಲೆಯೇ ಅದು ಎದ್ದು ಹೋಗುವುದು.

ಹೊಸಬರು ಇಲ್ಲಿ ಎರಡು ಕಡೆ ಎಡವುತ್ತಾರೆ. ಎಕ್ಸ್‌ನಲ್ಲಿ ರಟ್ಟು ಒಂದಲ್ಲ. ಮೌಸ್‌ನಿಂದ ಅಕ್ಷರಗಳ ಮೇಲೆ ಗೆರೆ ಎಳೆದೊಡನೆ ತುಂಬಿಕೊಳ್ಳುವುದು ‘ಪ್ರೈಮರಿ’. ಅದನ್ನು ಅಂಟಿಸಲು ಮೌಸ್‌ನ ನಡುವಿನ ಗುಂಡಿ ಒತ್ತಬೇಕು. ‘ಕಾಪಿ’ ಎಂದು ಹೇಳಿ ಮಾಡಿದ್ದು ಸೇರುವುದು ‘ಕ್ಲಿಪ್‌ಬೋರ್ಡ್’ಗೆ. ಏನೂ ಹೇಳದಿದ್ದರೆ ಎಕ್ಸ್‌ಕ್ಲಿಪ್ ತುಂಬುವುದು ಮೊದಲನೆಯದನ್ನು. “ಕಾಪಿಯೇ ಆಗಲಿಲ್ಲ” ಎಂದು ಗೊಣಗುವವರು ಎರಡನೆಯದರ ಹೆಸರನ್ನು ಆಜ್ಞೆಯಲ್ಲೇ ಬರೆಯಬೇಕು. ಇನ್ನೊಂದು ಎಡವು, ಟರ್ಮಿನಲ್‌ನಲ್ಲಿ ಕಂಟ್ರೋಲ್ ಮತ್ತು ಸಿ ಒತ್ತುವುದು. ಅಲ್ಲಿ ಅದರ ಅರ್ಥ “ನಡೆಯುತ್ತಿರುವ ಕೆಲಸ ನಿಲ್ಲಿಸು” ಎಂದು. ನಕಲಿಗೆ ಸಾಮಾನ್ಯವಾಗಿ ಶಿಫ್ಟ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ಎಕ್ಸ್‌ನ ಸ್ಥಾನಕ್ಕೆ ಈಗ ಬರುತ್ತಿರುವ ‘ವೇಲ್ಯಾಂಡ್’ ವ್ಯವಸ್ಥೆಯಲ್ಲಿ ಇದೇ ಕೆಲಸಕ್ಕೆ ‘ಡಬ್ಲ್ಯೂಎಲ್-ಕಾಪಿ’, ‘ಡಬ್ಲ್ಯೂಎಲ್-ಪೇಸ್ಟ್’ ಎಂಬ ಜೋಡಿ ಇದೆ. ಹೆಸರು ಬೇರೆಯಾದರೂ ಮೂಲ ತತ್ತ್ವ ಅದೇ: ಕೊಡುವವನು ಇದ್ದರೆ ಪಡೆಯುವವನಿಗೆ ಉಂಟು.

ಹಾಗಾದರೆ ಕೊಡುವವನು ಹೋದ ಮೇಲೂ ಸರಕು ಉಳಿಯುವಂತೆ ಮಾಡಲಾಗದೆ? ಅದಕ್ಕೇ ಕ್ಲಿಪ್‌ಬೋರ್ಡ್ ಮ್ಯಾನೇಜರ್‌ಗಳು. ಎಕ್ಸ್‌ಗೆ ‘ಕ್ಲಿಪ್‌ಮೆನು’, ವೇಲ್ಯಾಂಡ್‌ಗೆ ‘ಕ್ಲಿಪ್‌ಹಿಸ್ಟ್’ ಇಂಥವು. ಯಾರಾದರೂ ನಕಲು ಮಾಡಿದೊಡನೆ ಇವು ತಾವೇ ಹೋಗಿ ಕೇಳಿ, ಪಡೆದದ್ದನ್ನು ಬರೆದಿಟ್ಟುಕೊಳ್ಳುತ್ತವೆ. ಶ್ಯಾನುಭೋಗರ ಕಡತದ ಹಾಗೆ ಒಂದರ ಕೆಳಗೊಂದು. ಬೇಕಾದಾಗ ಪಟ್ಟಿ ತೆಗೆಸಿ, ಒಂದು ಸಾಲು ಆರಿಸಿ, ಅದನ್ನು ಮತ್ತೆ ಕ್ಲಿಪ್‌ಬೋರ್ಡಿಗೆ ಒಪ್ಪಿಸಬಹುದು. ಮಗಳು ಅಂಥದೊಂದನ್ನು ಹಾಕಿಕೊಟ್ಟಳು. “ಇನ್ನು ಮೇಲೆ ಏನೂ ಹೋಗಲ್ಲ ಅಪ್ಪಾ” ಎಂದಳು. ತಂದೆ ತಾಯಿಯ ಕಥೆಯನ್ನು ಮೊದಲಿನಿಂದ ಬರೆಯತೊಡಗಿದರು. ಬೀಸುವ ಕಲ್ಲಿನ ಹಾಡಿನ ಎರಡು ಸಾಲು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ನಿಜಕ್ಕೂ ಏನೂ ಹೋಗಲಿಲ್ಲ. ತೊಂದರೆ ಬಂದದ್ದು ಅದರಿಂದಲೇ. ಕೆಲವು ವಾರಗಳ ನಂತರ ಕಾಲೇಜಿನ ಗೆಳತಿಗೆ ಈ ಚಮತ್ಕಾರ ತೋರಿಸಲು ಮಗಳು ಪಟ್ಟಿ ತೆರೆದಳು. ಮೇಲಿನಿಂದ ಮೂರನೆಯ ಸಾಲು ತಂದೆಯ ಬ್ಯಾಂಕಿನ ಪಾಸ್‌ವರ್ಡ್! ಬೆರಳು ತಪ್ಪುತ್ತದೆಂದು ಅವರು ಅದನ್ನು ಒಂದು ಕಡತದಲ್ಲಿ ಬರೆದಿಟ್ಟು ಪ್ರತಿಸಲ ನಕಲು ಮಾಡಿ ಅಂಟಿಸುತ್ತಿದ್ದರು. ಶ್ಯಾನುಭೋಗ ತನ್ನ ಕೆಲಸ ನಿಷ್ಠೆಯಿಂದ ಮಾಡಿದ್ದ. ಸಂಗತಿ ತಿಳಿದ ತಂದೆ, “ಹೋಗಬಾರದ್ದು ಹೋಯಿತು, ಉಳಿಯಬಾರದ್ದು ಉಳಿಯಿತು, ಅಲ್ಲವೇನಮ್ಮ?” ಎಂದು ನಕ್ಕರು. ಅಂದೇ ಪಾಸ್‌ವರ್ಡ್ ಬದಲಾಯಿತು.

ಅವರು ಹೇಳಿದ ಮಾತಿನಲ್ಲೇ ಇಡೀ ವಿಷಯದ ಸಾರ ಇದೆ. ನೆನಪಿಡುವುದು ಯಂತ್ರಕ್ಕೆ ಸುಲಭ. ಯಾವುದನ್ನು ನೆನಪಿಡಬೇಕು, ಯಾವುದನ್ನು ಮರೆಯಬೇಕು ಎಂದು ಆರಿಸುವುದು ನಮ್ಮ ಪಾಲಿನ ಕೆಲಸ. ಕಮಾಂಡ್ ಲೈನಿನ ‘ಪಾಸ್’ ಎಂಬ ಪಾಸ್‌ವರ್ಡ್ ಪೆಟ್ಟಿಗೆ ಗುಟ್ಟನ್ನು ಕ್ಲಿಪ್‌ಬೋರ್ಡಿನಲ್ಲಿಟ್ಟು, ನಾವು ಬದಲಿಸದಿದ್ದರೆ, 45 ಸೆಕೆಂಡಿನ ಬಳಿಕ ಅಳಿಸಿಬಿಡುತ್ತದೆ. ಒಳ್ಳೆಯ ನಡವಳಿಕೆಯೇ. ಆದರೆ ಅಷ್ಟರಲ್ಲಿ ಮ್ಯಾನೇಜರ್ ಅದನ್ನು ಕಡತಕ್ಕೆ ಏರಿಸಿದ್ದರೆ ಅಳಿಸಿ ಏನು ಫಲ? ಆದ್ದರಿಂದ ಇಂಥ ಪ್ರೋಗ್ರಾಂ ಹಾಕಿಕೊಳ್ಳುವವರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಬರೆದಿಡುವ ಕಡತ ಎಲ್ಲಿದೆ? ಅದನ್ನು ಯಾರು ಯಾರು ಓದಬಲ್ಲರು? ಒಂದು ಸಾಲನ್ನೋ ಇಡೀ ಪಟ್ಟಿಯನ್ನೋ ಅಳಿಸುವುದು ಹೇಗೆ? ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಈ ಪ್ರಶ್ನೆಗಳು ಇನ್ನೂ ಮುಖ್ಯ. ಇದು ಲೈನಕ್ಸಿನವರ ಚಿಂತೆ ಮಾತ್ರವಲ್ಲ. 2018ರಿಂದ ವಿಂಡೋಸ್‌ನಲ್ಲೂ ಇಂಥ ಪಟ್ಟಿ ಇಡುವ ಅನುಕೂಲ ಬಂದಿದೆ. ನಕಲು ಮಾಡಿದ್ದನ್ನು ಆಪ್‌ಗಳು ಓದಿಕೊಳ್ಳುವುದು ಎಷ್ಟು ಸಾಮಾನ್ಯವೆಂಬುದು 2020ರಲ್ಲಿ ಐಫೋನ್ ಪರದೆಯ ಮೇಲೆಯೇ ಎಚ್ಚರಿಕೆ ತೋರಿಸತೊಡಗಿದಾಗ ಬಹಳ ಜನಕ್ಕೆ ಗೊತ್ತಾಯಿತು.

ವಿದ್ಯಾರ್ಥಿಗಳಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ಎಲ್ಲಿಂದಲೋ ಒಂದು ಆಜ್ಞೆಯನ್ನು ನಕಲು ಮಾಡಿ ನೇರವಾಗಿ ಟರ್ಮಿನಲ್‌ಗೆ ಅಂಟಿಸುವ ಚಟ ಒಳ್ಳೆಯದಲ್ಲ. ಕಣ್ಣಿಗೆ ಕಂಡದ್ದೇ ಕ್ಲಿಪ್‌ಬೋರ್ಡಿಗೆ ಬಂದಿರುತ್ತದೆ ಎಂಬ ಭರವಸೆ ಇಲ್ಲ. ಕಾಣದಂತೆ ಅಡಗಿಸಿಟ್ಟ ಸಾಲೂ ಜೊತೆಗೆ ಬರಬಹುದು. ಕೊನೆಯಲ್ಲಿ ಸಾಲು ಮುಗಿಸುವ ಗುರುತು ಇದ್ದರೆ, ಓದಲು ಬಿಡುವು ಕೊಡದೆ ಆಜ್ಞೆ ನಡೆದೂ ಹೋಗಬಹುದು. ಈಚಿನ ಟರ್ಮಿನಲ್‌ಗಳು ಇದನ್ನು ತಡೆಯಲು ಯತ್ನಿಸುತ್ತವೆ. ಆದರೂ ಮೊದಲು ಖಾಲಿ ಪುಟದಲ್ಲಿ ಅಂಟಿಸಿ, ಒಂದೊಂದು ಪದವನ್ನೂ ಓದಿ, ಅರ್ಥವಾದ ಮೇಲೆ ನಡೆಸುವುದು ಜಾಣತನ. ನಕಲು ಮಾಡುವುದೇ ತಪ್ಪೆಂದು ಮಕ್ಕಳನ್ನು ಗದರುವ ತಂದೆತಾಯಿಗಳೂ ಇದನ್ನು ಗಮನಿಸಬಹುದು. ಅಂಟಿಸುವ ಮುನ್ನ ಓದುವ ಮಗು ಕಲಿಯುತ್ತಿದೆ ಎಂದೇ ಅರ್ಥ.

ಮನೆಯಲ್ಲಿ ಲೈನಕ್ಸ್ ಇದ್ದವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಬೇಡವಾದ ಒಂದು ವಾಕ್ಯವನ್ನು ಯಾವುದಾದರೂ ಪ್ರೋಗ್ರಾಂನಲ್ಲಿ ಬರೆದು ‘ಕಾಪಿ’ ಮಾಡಿ. ಆ ಪ್ರೋಗ್ರಾಂ ಮುಚ್ಚಿ. ಈಗ ಬೇರೆಡೆ ‘ಪೇಸ್ಟ್’ ಒತ್ತಿ. ಏನೂ ಬರದಿದ್ದರೆ, ಮಾತು ಕೊಟ್ಟವನು ಹೊರಟುಹೋದನೆಂದು ತಿಳಿಯಿರಿ. ವಾಕ್ಯ ಬಂದರೆ, ಯಾರೋ ಒಬ್ಬರು ಸದ್ದಿಲ್ಲದೆ ಅದನ್ನು ಹಿಡಿದಿಟ್ಟುಕೊಂಡಿದ್ದರು ಎಂದಾಯಿತು. ಯಾರು, ಎಲ್ಲಿ, ಎಷ್ಟು ದಿನ? ಮಗ ಮಗಳು ಜೊತೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಂಡು ಹುಡುಕಿ ನೋಡಿ.