ಹತ್ತು ಮಿಲಿಮೀಟರಿನ ಸುಖ

ಮನೆಯ ಅಂಗಳದಲ್ಲೇ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸುವ ಹವ್ಯಾಸಕ್ಕೆ ಒಲಿದು ಬಂದ ಸ್ಪೋರ್ಟ್ಸ್ ಕಾರುಗಳಲ್ಲಿ ಮಜ್ದಾ ಕಂಪನಿಯ ಎಂಎಕ್ಸ್-5 ಮಿಯಾಟಾಕ್ಕೆ ಸಾಟಿಯಾಗಿ ನಿಲ್ಲುವಂಥವು ತೀರ ಕಡಿಮೆ. 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಹಿರೋಶಿಮಾದಲ್ಲಿ ತಯಾರಾದ ಈ ಪುಟ್ಟ ಕಾರು ತವರಾದ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಇಬ್ಬರಿಗಷ್ಟೇ ಜಾಗ, ಮಡಿಸಿ ಹಿಂದಕ್ಕೆ ಸರಿಸಬಲ್ಲ ಚಾವಣಿ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಒಂದು ಟನ್ನಿನ ಆಸುಪಾಸಿನ ತೂಕ: ಇಷ್ಟರಲ್ಲೇ ಅದರ ರಚನೆಯ ಸಾರವೆಲ್ಲ ಅಡಗಿದೆ. 2016ರ ವೇಳೆಗೆ ಅದರ ಎಲ್ಲ ಪೀಳಿಗೆಗಳೂ ಸೇರಿ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಇಂಥ ಕಾರು ಕೈಗೆ ಬಂದಾಗ ಹವ್ಯಾಸಿಯ ಮನಸ್ಸು ಸಹಜವಾಗಿ ಎಂಜಿನ್ನಿನ ಕಡೆಗೆ ಓಡುತ್ತದೆ. ಆದರೆ ಈ ಕಾರಿನ ಗುಣ ಅದರ ವೇಗಕ್ಕಿಂತ ಹೆಚ್ಚಾಗಿ ತಿರುವಿನಲ್ಲಿ, ತಿರುವಿಗೆ ಮುಂಚೆ ಬ್ರೇಕ್ ಒತ್ತುವ ಕ್ಷಣದಲ್ಲಿ ತಿಳಿಯುವುದರಿಂದ, ಕೈಹಾಕಬೇಕಾದ ಮೊದಲ ಜಾಗ ಬ್ರೇಕು ಮತ್ತು ಚಕ್ರ ಎಂಬುದೇ ವಿವೇಕದ ನಿಲುವು.

ಬ್ರೇಕಿನ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಶಾಖವಾಗಿ ಬದಲಿಸಿ ಗಾಳಿಗೆ ಬಿಡುವುದು. ಒಂದು ಟನ್ ತೂಕದ ವಾಹನ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 3,85,000 ಜೂಲ್‌ಗಳಷ್ಟು ಚಲನಶಕ್ತಿ ಇರುತ್ತದೆ. ವೇಗ ಅರ್ಧಕ್ಕೆ ಇಳಿದರೆ ಈ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬೆಟ್ಟದ ರಸ್ತೆಯಲ್ಲಿ ಅಥವಾ ರೇಸಿನ ಹಾದಿಯಲ್ಲಿ ಪದೇ ಪದೇ ವೇಗ ತಗ್ಗಿಸುವಾಗ ಬ್ರೇಕಿಗೆ ಒದಗುವ ಶಾಖ ಅಪಾರ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಘರ್ಷಣೆಯ ಹಲಗೆಗಳು ಪ್ಯಾಡುಗಳು. ದ್ರವದ ಒತ್ತಡವನ್ನು ಪಡೆದು ಪಿಸ್ಟನ್ನಿನ ಮೂಲಕ ಪ್ಯಾಡುಗಳನ್ನು ಅಮುಕುವ ಲೋಹದ ಹಿಡಿ ಕ್ಯಾಲಿಪರ್. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, 1953ರಲ್ಲಿ ಡಿಸ್ಕ್ ಬ್ರೇಕ್ ಹೊತ್ತ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ಓಟವನ್ನು ಗೆದ್ದ ಮೇಲೆಯೇ ಲೋಕಕ್ಕೆ ಅದರ ಬೆಲೆ ತಿಳಿಯಿತು. ಡಿಸ್ಕಿನ ವ್ಯಾಸ ಹೆಚ್ಚಿದರೆ ಎರಡು ಲಾಭಗಳಿವೆ. ಬಾಗಿಲನ್ನು ಕೀಲಿನ ಬಳಿ ತಳ್ಳುವುದಕ್ಕಿಂತ ಅಂಚಿನಲ್ಲಿ ತಳ್ಳುವುದು ಸುಲಭವಾಗುವಂತೆ, ಪ್ಯಾಡು ಕೇಂದ್ರದಿಂದ ದೂರ ಸರಿದಷ್ಟೂ ಅದೇ ಒತ್ತಡಕ್ಕೆ ಹೆಚ್ಚು ತಡೆ ಸಿಗುತ್ತದೆ. ಜೊತೆಗೆ ಲೋಹದ ರಾಶಿ ಹೆಚ್ಚಿ, ಅದು ತಾಳಿಕೊಳ್ಳುವ ಶಾಖವೂ ಹೆಚ್ಚುತ್ತದೆ. ಇವೆರಡರಲ್ಲಿ ಎರಡನೆಯದೇ ಮುಖ್ಯ. ಒಂದೇ ಒಂದು ಸಲ ಜೋರಾಗಿ ನಿಲ್ಲಿಸುವಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಟೈರು ರಸ್ತೆಯನ್ನು ಕಚ್ಚುವ ಬಲವೇ. ದೊಡ್ಡ ಬ್ರೇಕಿನ ಉಪಕಾರ ತಿಳಿಯುವುದು ಹತ್ತನೆಯ ಸಲವೂ ಮೊದಲನೆಯ ಸಲದಂತೆಯೇ ನಿಲ್ಲಿಸಿದಾಗ.

ಮಿಯಾಟಾದ ವಿಷಯದಲ್ಲಿ ಹವ್ಯಾಸಿಗಳಿಗೆ ಒಂದು ಅಪರೂಪದ ಅನುಕೂಲ ಒದಗಿದೆ. ಮೊದಲ ವರ್ಷಗಳ 1.6 ಲೀಟರ್ ಎಂಜಿನ್ನಿನ ಕಾರುಗಳಲ್ಲಿ ಮುಂದಿನ ಡಿಸ್ಕಿನ ವ್ಯಾಸ 235 ಮಿಲಿಮೀಟರ್, ಹಿಂದಿನದು 231 ಮಿಲಿಮೀಟರ್ ಇತ್ತು. 1994ರ ಮಾದರಿಯಿಂದ 1.8 ಲೀಟರ್ ಎಂಜಿನ್ ಬಂದಾಗ ಇವು 255 ಮತ್ತು 251 ಮಿಲಿಮೀಟರಿಗೆ ಏರಿದವು. ಕಂಪನಿಯ ಎಂಜಿನಿಯರುಗಳು ಇದಕ್ಕಾಗಿ ಹೊಸ ಕ್ಯಾಲಿಪರ್ ರೂಪಿಸದೆ, ಕ್ಯಾಲಿಪರನ್ನು ಹೊತ್ತು ನಿಲ್ಲುವ ಬ್ರಾಕೆಟ್ ಎಂಬ ಎರಕದ ಚೌಕಟ್ಟನ್ನು ಮಾತ್ರ ಬದಲಿಸಿ ಕ್ಯಾಲಿಪರನ್ನು ಕೇಂದ್ರದಿಂದ ಹತ್ತು ಮಿಲಿಮೀಟರ್ ಹೊರಕ್ಕೆ ಸರಿಸಿದರು. ಹಳೆಯ ಕಾರಿಗೆ ಹೊಸ ಬ್ರಾಕೆಟ್ಟು, ಹೊಸ ಡಿಸ್ಕು, ಅದಕ್ಕೆ ತಕ್ಕ ಪ್ಯಾಡುಗಳು ಸಿಕ್ಕರೆ ಸಾಕು, ಮನೆಯ ಮುಂದೆಯೇ ಆ ಕಾರು ತನ್ನ ಕಿರಿಯ ಸೋದರನ ಬ್ರೇಕನ್ನು ಪಡೆಯುತ್ತದೆ. ಪಿಸ್ಟನ್ನಿನ ಅಳತೆ ಬದಲಾಗದ ಕಾರಣ ಪೆಡಲನ್ನು ಒತ್ತುವ ಆಳವೂ ಬದಲಾಗುವುದಿಲ್ಲ. ಮುಂದೆ ಹಿಂದೆ ಎರಡೂ ಸರಿಸಮನಾಗಿ ಬೆಳೆಯುವುದರಿಂದ ಕಾರಿನ ಸಮತೋಲವೂ ಕದಲುವುದಿಲ್ಲ. ಬಣ್ಣ ಬಳಿದ, ನಾಲ್ಕು ಪಿಸ್ಟನ್ನಿನ ದುಬಾರಿ ಕ್ಯಾಲಿಪರುಗಳನ್ನು ಮುಂದಿನ ಚಕ್ರಗಳಿಗೆ ಮಾತ್ರ ಹಾಕಿಸಿ, ಹಿಂದಿನ ಬ್ರೇಕನ್ನು ಇದ್ದಂತೆಯೇ ಬಿಡುವ ಪದ್ಧತಿಗಿಂತ ಈ ಹತ್ತು ಮಿಲಿಮೀಟರಿನ ಸಂಯಮ ನೂರು ಪಾಲು ಮೇಲು. ಒಂದು ಯಂತ್ರದೊಳಗೆ ಅದನ್ನು ಮಾಡಿದವರೇ ಬಿಟ್ಟುಹೋದ ಅವಕಾಶವನ್ನು ಕಂಡುಹಿಡಿದು ಬಳಸಿಕೊಳ್ಳುವುದರಲ್ಲಿ, ಅಂಗಡಿಯಿಂದ ಕೊಂಡು ತಂದು ಸಿಕ್ಕಿಸುವುದರಲ್ಲಿ ಇಲ್ಲದ ಒಂದು ಆನಂದವಿದೆ.

ಕೆಲಸ ಆರಂಭವಾಗುವುದು ಸಮತಟ್ಟಾದ ಗಟ್ಟಿ ನೆಲದಲ್ಲಿ. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಕಟ್ಟೆ ಕೊಟ್ಟು, ಜಾಕಿನಿಂದ ಎತ್ತಿದ ಕಾರನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಕೈ ಚಾಚುವುದು ಕೂಡ ಸಲ್ಲದು. ಕ್ಯಾಲಿಪರನ್ನು ಬಿಡಿಸಿದ ಮೇಲೆ ಅದನ್ನು ರಬ್ಬರ್ ಹೋಸಿನಿಂದ ಜೋತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ನಿಲ್ಲಿಸುತ್ತಾರೆ. ಹೋಸನ್ನು ಕಳಚುವ ಅಗತ್ಯವೇ ಬೀಳದಿರುವುದು ಈ ಬದಲಾವಣೆಯ ಇನ್ನೊಂದು ಸೊಗಸು. ಬ್ರಾಕೆಟ್ಟಿನ ಬೋಲ್ಟುಗಳು ಮೂವತ್ತು ವರ್ಷಗಳ ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಉದ್ದ ಹಿಡಿಯ ಪಾನಾದಿಂದ ನಿಧಾನವಾಗಿ ಭಾರ ಹೇರಿದಾಗ, ಬೋಲ್ಟು ಮೊದಲು ಒಂದು ಸಣ್ಣ ಕಿರುಗುಟ್ಟುವಿಕೆಯೊಂದಿಗೆ ಕದಲಿ ಆಮೇಲೆ ಬೆರಳಿಗೆ ಬರುತ್ತದೆ. ಡಿಸ್ಕು ಕೂರುವ ಹಬ್ಬಿನ ಮುಖವನ್ನು ತಂತಿಬ್ರಷ್ಷಿನಿಂದ ಉಜ್ಜಿ ಲೋಹ ಹೊಳೆಯುವವರೆಗೆ ಶುಚಿಗೊಳಿಸುವುದು ಬೇಸರದ ಕೆಲಸದಂತೆ ಕಂಡರೂ ಇಡೀ ಕಾರ್ಯದ ಜೀವಾಳ ಅದೇ, ಏಕೆಂದರೆ ಅಲ್ಲಿ ಉಳಿದ ಒಂದು ಚೂರು ತುಕ್ಕು ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಓರೆಯಾಗಿ ಬೆಳೆದು ಪೆಡಲಿನಲ್ಲಿ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಕ್ಯಾಲಿಪರ್ ಅತ್ತಿತ್ತ ಸರಿದಾಡಲು ಆಧಾರವಾದ ಜಾರುಪಿನ್ನುಗಳಿಗೆ ಹೊಸ ಗ್ರೀಸು ಹಚ್ಚುವುದೂ ಹೀಗೆಯೇ ಕಣ್ಣಿಗೆ ಕಾಣದ, ಆದರೆ ಕಾಲಿಗೆ ತಿಳಿಯುವ ಕೆಲಸ.

ಹಿಂದಿನ ಕ್ಯಾಲಿಪರಿನಲ್ಲಿ ಒಂದು ಪುಟ್ಟ ಒಗಟಿದೆ. ಹ್ಯಾಂಡ್‌ಬ್ರೇಕಿನ ಯಂತ್ರಾಂಗವೂ ಅದರೊಳಗೇ ಸೇರಿರುವುದರಿಂದ, ಮುಂದಿನ ಪಿಸ್ಟನ್ನಿನಂತೆ ಹಿಂದಿನದನ್ನು ಬರೀ ಒತ್ತಿ ಒಳಕ್ಕೆ ತಳ್ಳಲಾಗದು. ಕ್ಯಾಲಿಪರಿನ ಬೆನ್ನಿನಲ್ಲಿರುವ ಮುಚ್ಚಳದ ಬೋಲ್ಟನ್ನು ತೆಗೆದರೆ ಒಳಗೆ ಆರು ಮೂಲೆಯ ಅಲೆನ್ ಕೀಲಿ ಕೂರುವ ಒಂದು ತಿರುಪು ಸಿಗುತ್ತದೆ. ಅದನ್ನು ತಿರುಗಿಸಿದಂತೆ ಪಿಸ್ಟನ್ನು ತಾನಾಗಿ ಹಿಂದೆ ಸರಿಯುತ್ತದೆ. ಇದನ್ನು ಅರಿಯದವರು ಬಲ ಹಾಕಿ ಒತ್ತಿ ಕೆಡಿಸುವುದುಂಟು, ಅರಿತವರಿಗೆ ಇದು ನಾಲ್ಕು ನಿಮಿಷದ ಕೆಲಸ.

ಇಷ್ಟೆಲ್ಲ ಬಿಚ್ಚಿದ ಮೇಲೆ ಬ್ರೇಕಿನ ದ್ರವವನ್ನು ಬದಲಿಸದೆ ಬಿಡುವುದು ಅರ್ಧ ಕೆಲಸವೇ ಸರಿ. ಈ ದ್ರವ ಎಣ್ಣೆಯಲ್ಲ, ಗ್ಲೈಕಾಲ್ ವರ್ಗದ್ದು. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಿಕೊಳ್ಳಬೇಕೆಂಬ ನಿಯಮವಿದ್ದರೆ, ನೀರು ಹೀರಿದ ಸ್ಥಿತಿಯಲ್ಲಿ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು, ಹಾಗಾಗಿ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಹಳೆಯ ದ್ರವವನ್ನು ಹೊರಹಾಕಲು ಇಬ್ಬರು ಬೇಕು: ಒಬ್ಬರು ಪೆಡಲನ್ನು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಕ್ಯಾಲಿಪರಿನ ಸಣ್ಣ ನಿಪ್ಪಲನ್ನು ತೆರೆದು, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಹೋಗುವುದನ್ನು ನೋಡಿ, ಪೆಡಲು ಮೇಲೇಳುವ ಮುನ್ನ ಮುಚ್ಚಬೇಕು. ‘ಒತ್ತು’, ‘ಹಿಡಿ’, ‘ಬಿಡು’ ಎಂಬ ಮೂರೇ ಮಾತುಗಳಲ್ಲಿ ಸಾಗುವ ಈ ಕೆಲಸದಲ್ಲಿ ತಂದೆ ಮಕ್ಕಳೋ ಗಂಡ ಹೆಂಡಿರೋ ಜೊತೆಯಾದರೆ, ಕಂದುಬಣ್ಣದ ದ್ರವ ತಿಳಿಯಾಗುತ್ತ ಬಂದಂತೆ ಇಬ್ಬರ ಲಯವೂ ಒಂದಾಗುತ್ತದೆ.

ಇನ್ನು ಚಕ್ರ. ಬ್ರೇಕು ಎಷ್ಟು ಬೆಳೆಯಬಹುದೆಂಬುದಕ್ಕೆ ಚಕ್ರದ ಒಳಸುತ್ತೇ ಗಡಿ. 255 ಮಿಲಿಮೀಟರಿನ ಡಿಸ್ಕು ಮೂಲದ 14 ಅಂಗುಲದ ಚಕ್ರದೊಳಗೇ ಹಿಡಿಸುತ್ತದೆ. ಎರಡನೆಯ ಪೀಳಿಗೆಯ ಕೆಲವು ಕಾರುಗಳಿಗೆ ಬಂದ 270 ಮಿಲಿಮೀಟರಿನದಕ್ಕೆ 15 ಅಂಗುಲ ಬೇಕು. ಮೊದಲ ಕಾರುಗಳೊಂದಿಗೆ ಬಂದ ಏಳು ಕಡ್ಡಿಗಳ ಅಲಾಯ್ ಚಕ್ರಗಳು ಸುಮಾರು ಐದೂವರೆ ಕಿಲೋಗ್ರಾಮಿನಷ್ಟೇ ತೂಗುತ್ತವೆ ಎಂಬುದನ್ನು ಬದಲಿಸಹೊರಟವರು ನೆನಪಿನಲ್ಲಿಡಬೇಕು. ಸ್ಪ್ರಿಂಗಿನ ಕೆಳಗಿರುವ ಭಾರ, ಎಂದರೆ ಚಕ್ರ, ಟೈರು, ಬ್ರೇಕುಗಳ ತೂಕ, ಹೆಚ್ಚಿದಷ್ಟೂ ಚಕ್ರವು ರಸ್ತೆಯ ಏರುತಗ್ಗುಗಳನ್ನು ಅನುಸರಿಸುವುದು ತಡವಾಗುತ್ತದೆ. ನೋಟಕ್ಕೆ ಮರುಳಾಗಿ ಎಂಟು ಕಿಲೋಗ್ರಾಂ ದಾಟುವ ದೊಡ್ಡ ಚಕ್ರ ಹಾಕಿಸಿಕೊಂಡರೆ ಕಾರಿನ ಚುರುಕನ್ನು ದುಡ್ಡು ಕೊಟ್ಟು ಕಳೆದುಕೊಂಡಂತೆ. 15 ಅಂಗುಲದ, ಏಳು ಅಂಗುಲ ಅಗಲದ, ಹಗುರವಾದ ಚಕ್ರ ಈ ಕಾರಿಗೆ ಒಪ್ಪುವ ಅಳತೆ. ಮೂಲದ 185/60 ಟೈರಿನ ಹೊರವ್ಯಾಸ 14 ಅಂಗುಲದ ರಿಮ್ಮಿನ ಮೇಲೆ ಸುಮಾರು 578 ಮಿಲಿಮೀಟರ್. 195/50 ಟೈರು 15 ಅಂಗುಲದ ರಿಮ್ಮಿನ ಮೇಲೆ 576. ಅಗಲ ಹೆಚ್ಚಿ, ಬದಿಯ ಗೋಡೆ ಗಿಡ್ಡವಾಗಿಯೂ, ಒಟ್ಟು ಎತ್ತರ ಎರಡು ಮಿಲಿಮೀಟರಿನೊಳಗೆ ಹೊಂದಿಕೊಳ್ಳುವುದರಿಂದ ಸ್ಪೀಡೋಮೀಟರು ಸುಳ್ಳು ಹೇಳುವುದಿಲ್ಲ.

ಆಫ್‌ಸೆಟ್ ಎಂಬುದು ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಹೊರಕ್ಕಿದೆ ಎಂಬುದರ ಅಳತೆ. ಐದೂವರೆ ಅಂಗುಲ ಅಗಲ ಹಾಗೂ 45 ಮಿಲಿಮೀಟರ್ ಆಫ್‌ಸೆಟ್ಟಿನ ಮೂಲ ಚಕ್ರದ ಜಾಗದಲ್ಲಿ ಏಳು ಅಂಗುಲ ಅಗಲ, 35 ಮಿಲಿಮೀಟರ್ ಆಫ್‌ಸೆಟ್ಟಿನದು ಕೂತರೆ, ಹೊರ ಅಂಚು 29 ಮಿಲಿಮೀಟರ್ ಹೊರಕ್ಕೂ ಒಳ ಅಂಚು 9 ಮಿಲಿಮೀಟರ್ ಒಳಕ್ಕೂ ಸರಿಯುತ್ತದೆ. ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿ, ಮಡ್‌ಗಾರ್ಡಿನ ಅಂಚನ್ನು ಅಳೆದು, ಟೈರು ತಾಗುವುದೋ ಇಲ್ಲವೋ ಎಂದು ಚಕ್ರ ಕೊಳ್ಳುವ ಮೊದಲೇ ತಿಳಿದುಕೊಳ್ಳುವ ಸಂಜೆಯೂ ಹವ್ಯಾಸದ ಸವಿಯಲ್ಲಿ ಒಂದು ಪಾಲು. ಜರ್ಮನಿಯಂಥ ದೇಶಗಳಲ್ಲಿ ಇಂಥ ಬದಲಾವಣೆಯನ್ನು ತಪಾಸಣೆಗೆ ಒಪ್ಪಿಸಿ ದಾಖಲಿಸಿಕೊಳ್ಳಬೇಕಾಗುವುದರಿಂದ ಈ ಲೆಕ್ಕ ಕಾನೂನಿಗೂ ಬೇಕು. ಚಕ್ರದ ನಡುರಂಧ್ರ ಹಬ್ಬಿನ 54.1 ಮಿಲಿಮೀಟರಿಗಿಂತ ದೊಡ್ಡದಿದ್ದರೆ ನಡುವೆ ಬಳೆಯೊಂದನ್ನು ಕೂರಿಸುವುದು ಒಳ್ಳೆಯದು. ಚಕ್ರ ಕೇಂದ್ರ ತಪ್ಪದೆ ಕೂರುತ್ತದೆ.

ನಾಲ್ಕು ನಟ್ಟುಗಳನ್ನು ಒಂದರ ನಂತರ ಎದುರಿನದೆಂಬ ಕ್ರಮದಲ್ಲಿ ಕೂರಿಸಿ, ಕಾರನ್ನು ನೆಲಕ್ಕಿಳಿಸಿ, ಟಾರ್ಕ್ ರೆಂಚಿನಿಂದ 88ರಿಂದ 118 ನ್ಯೂಟನ್-ಮೀಟರಿನೊಳಗೆ ಬಿಗಿಯಬೇಕು. ಕಾರು ಕದಲುವ ಮೊದಲೇ ಪೆಡಲನ್ನು ಹಲವು ಸಲ ಒತ್ತಿ ಪ್ಯಾಡು ಡಿಸ್ಕಿಗೆ ತಾಗಿದ್ದನ್ನು ಖಚಿತಪಡಿಸಿಕೊಳ್ಳದೆ ಹೊರಡಬಾರದು. ಆಮೇಲೆ ವಾಹನಗಳಿಲ್ಲದ ರಸ್ತೆಯಲ್ಲಿ ಮಧ್ಯಮ ವೇಗದಿಂದ ಬಹುತೇಕ ನಿಲ್ಲುವವರೆಗೆ, ಆದರೆ ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ವೇಗ ತಗ್ಗಿಸುತ್ತ ಪ್ಯಾಡಿನ ತೆಳುಪದರವನ್ನು ಡಿಸ್ಕಿನ ಮೇಲೆ ಸಮನಾಗಿ ಹರಡಿಸುತ್ತಾರೆ; ಬಿಸಿಯಾದ ಡಿಸ್ಕನ್ನು ಒಂದೇ ಕಡೆ ಅಮುಕಿ ನಿಂತರೆ ಆ ಪದರ ಅಲ್ಲಿ ದಪ್ಪವಾಗಿ ಅಂಟುತ್ತದೆ. ಕೊನೆಗೆ ಬ್ರೇಕನ್ನು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಿ, ಮುಂದಿನ ನೂರು ಕಿಲೋಮೀಟರಿನೊಳಗೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡುತ್ತಾರೆ. ಆ ಹೊತ್ತಿಗೆ ಡಿಸ್ಕಿನ ಮುಖದಲ್ಲಿ ಸಮನಾದ ಬೂದು ಛಾಯೆ ಮೂಡಿದ್ದರೆ ಪ್ಯಾಡು ಸರಿಯಾಗಿ ಕೂತಿದೆಯೆಂದು ತಿಳಿಯಬೇಕು. ಪಟ್ಟೆಪಟ್ಟೆಯಾಗಿ ಕಂಡರೆ ಆ ಓಟವನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ.