ಅಶೋಕಪುರಂ ಅಂತಲೇ ಹೇಳು, ಮಗಾ

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಬೆಟ್ಟಕ್ಕೆ ಹೋಗುತ್ತಾರೆ, ಮಕ್ಕಳಿದ್ದರೆ ಮೃಗಾಲಯ. ಅಶೋಕಪುರಂ ನೋಡಲು ಬಂದೆವು ಎಂದವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ಬೇರೆಯವರ ಮಾತೇಕೆ, ಇಲ್ಲಿಯೇ ಹುಟ್ಟಿ, ನಾಲ್ಕು ಬೀದಿ ಆಚೆಗೆ ಸೊಸೆಯಾಗಿ ಬಂದ ನಾನೇ ಇದನ್ನು ಸರಿಯಾಗಿ ನೋಡಿದ್ದು ನಲವತ್ತು ದಾಟಿದ ಮೇಲೆ. ಅದೂ ಮಗಳ ಇಂಟರ್‌ವ್ಯೂ ದೆಸೆಯಿಂದ.

ದಾರಿ ಹೇಳಿಬಿಡುತ್ತೇನೆ. ಮೈಸೂರಿನಿಂದ ನಂಜನಗೂಡು, ಚಾಮರಾಜನಗರದ ಕಡೆ ಹೋಗುವ ರೈಲು ಹತ್ತಿದರೆ ಮೊದಲು ಚಾಮರಾಜಪುರಂ, ಆಮೇಲೆ ಅಶೋಕಪುರಂ. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕು. ನಾನು ಚಿಕ್ಕವಳಿದ್ದಾಗ ಇದು ಬಹಳ ಸಣ್ಣ ನಿಲ್ದಾಣ. ಈಗ ಪ್ಲಾಟ್‌ಫಾರಂಗಳು ಹೆಚ್ಚಿವೆ, ಬೆಂಗಳೂರಿನ ಕೆಲವು ಗಾಡಿಗಳೂ ಮೈಸೂರಿನಲ್ಲಿ ನಿಲ್ಲದೆ ಇಲ್ಲಿಯವರೆಗೆ ಬರುತ್ತವೆ. ಹಿಂದೆ ಈ ಬಡಾವಣೆಗೆ ಆದಿಕರ್ನಾಟಕಪುರ ಎಂದು ಹೆಸರಿತ್ತೆಂದು ನಮ್ಮ ತಾತ ಹೇಳುತ್ತಿದ್ದರು. ಪರಿಶಿಷ್ಟ ಜಾತಿಯವರೇ ಹೆಚ್ಚಾಗಿರುವ ಕೇರಿ ನಮ್ಮದು. ಮೈಸೂರಿನಲ್ಲಿ ಇದರ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೇ. ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿರುವುದರಿಂದ ಮೊದಲೇ ಹೇಳಿದೆ.

ನಮ್ಮ ದೊಡ್ಡ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಒಬ್ಬ ಆಡಿಟರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ಹೋದ ವರ್ಷ, “ಅಮ್ಮ, ನಾನು ಎಂ.ಬಿ.ಎ. ಓದ್ತೀನಿ, ಐ.ಐ.ಎಂ.ಗೆ ಕಟ್ತೀನಿ” ಅಂದಳು. ಎಸ್.ಎಸ್.ಎಲ್.ಸಿ. ಮುಗಿಸಿದವಳು ನಾನು. ನನಗೆ ಗೊತ್ತಿದ್ದದ್ದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅಂಥದೊಂದು ದೊಡ್ಡ ಕಾಲೇಜು ಇದೆ ಎಂಬುದಷ್ಟೆ. ಅದು ಶುರುವಾದದ್ದು 1973ರಲ್ಲಂತೆ. ಅದಕ್ಕೂ ಮೊದಲೇ, 1961ರಲ್ಲಿ, ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಶುರುವಾಗಿದ್ದವು. ಈಗ ದೇಶದಲ್ಲಿ ಇಂಥವು 20ಕ್ಕೂ ಹೆಚ್ಚು ಇವೆ. ಎಲ್ಲಕ್ಕೂ ಸೇರಿ ಒಂದೇ ಪ್ರವೇಶ ಪರೀಕ್ಷೆ, ಅದನ್ನು ಕ್ಯಾಟ್ ಎನ್ನುತ್ತಾರೆ. ವರ್ಷಕ್ಕೊಮ್ಮೆ, ನವೆಂಬರ್ ಸುಮಾರಿಗೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವುದು, ಅಂಕಿಅಂಶ ಕೊಟ್ಟು ಯೋಚಿಸಿ ಎನ್ನುವುದು, ಲೆಕ್ಕ – ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿಯುತ್ತರಕ್ಕೆ ಮೂರು ಅಂಕ. ನಾಲ್ಕು ಉತ್ತರ ಕೊಟ್ಟು ಆರಿಸಿ ಎನ್ನುವ ಪ್ರಶ್ನೆಗೆ ತಪ್ಪು ಬರೆದರೆ ಒಂದು ಅಂಕ ಕಳೆಯುತ್ತಾರೆ. ಪದವಿಯಲ್ಲಿ ಶೇಕಡ 50 ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 45. ಅರ್ಜಿ ಶುಲ್ಕವೂ ಇವರಿಗೆ ಅರ್ಧ.

ನಿಮ್ಮ ಮನೆಯಲ್ಲೂ ಓದುವ ಹೆಣ್ಣುಮಕ್ಕಳಿದ್ದರೆ ಒಂದು ಮಾತು ಕಿವಿಯಲ್ಲಿ ಹಾಕಿಕೊಳ್ಳಿ. ಪರೀಕ್ಷೆಗಿಂತ ನಮ್ಮನ್ನು ಹೆಚ್ಚು ಓಡಾಡಿಸಿದ್ದು ಕಾಗದಪತ್ರ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಇನಿಷಿಯಲ್, ಪದವಿ ಪತ್ರದಲ್ಲಿ ಎರಡು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು! ಮೂವರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಜಾತಿ ಪ್ರಮಾಣಪತ್ರವೂ ಅಷ್ಟೆ, ಇವು ಕೇಂದ್ರ ಸರ್ಕಾರದ ಸಂಸ್ಥೆಗಳಾದ್ದರಿಂದ ಕೇಂದ್ರದ ನಮೂನೆಯಲ್ಲೇ ಕೇಳುತ್ತಾರೆ. ಹತ್ತನೇ ತರಗತಿ, ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ “ಪಿಯುಸೀಲಿ ಹೇಗೋ ಪಾಸಾದರೆ ಸಾಕು” ಎಂದು ಮಕ್ಕಳಿಗೆ ಹೇಳಬೇಡಿ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓದಿದಳು. ನಾನು ಕಾಫಿ ಕೊಟ್ಟಿದ್ದು ಬಿಟ್ಟರೆ ಬೇರೆ ಏನೂ ಮಾಡಿಲ್ಲ. ಜನವರಿಯಲ್ಲಿ ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು, ಎರಡೂ ಬೆಂಗಳೂರಿನಲ್ಲೇ ನಡೆಯುವುದು. ಮನೆಯಲ್ಲಿ ಹಬ್ಬ. ನಮ್ಮ ಬೀದಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪ ಒಬ್ಬರಿದ್ದಾರೆ. ನಮಗೆ ರಕ್ತಸಂಬಂಧವಲ್ಲ, ಆದರೂ ದೊಡ್ಡಪ್ಪನೇ. ಅವರು “ನಾನು ಪ್ರಾಕ್ಟೀಸ್ ಮಾಡಿಸ್ತೀನಿ ಕಣವ್ವ” ಎಂದು ಭಾನುವಾರ ಬಂದು ನಡುಮನೆಯಲ್ಲಿ ಕುರ್ಚಿ ಎಳೆದು ಕುಳಿತರು. ಎದುರಿಗೆ ಮಗಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

“ಎಲ್ಲಿಂದ ಬಂದಿದ್ದೀಯಮ್ಮ?”

“ಮೈಸೂರು ಸರ್.”

“ಮೈಸೂರಲ್ಲಿ ಎಲ್ಲಿ?”

ಒಂದು ಗಳಿಗೆ ಸದ್ದಿಲ್ಲ. ಆಮೇಲೆ, “ಕುವೆಂಪುನಗರದ ಹತ್ತಿರ ಸರ್” ಅಂದಳು.

ಒಗ್ಗರಣೆ ಸೀದು ಹೋಯಿತು. ದೊಡ್ಡಪ್ಪ ಏನೂ ಅನ್ನಲಿಲ್ಲ, ಮುಂದಿನ ಪ್ರಶ್ನೆ ಕೇಳಿದರು. ಅವರು ಹೋದ ಮೇಲೆ ಕೇಳಿದೆ, “ಅದ್ಯಾಕೆ ಮಗಾ ಹಂಗಂದೆ?” ಒಂದು ಕಡೆ ತರಬೇತಿಗೆ ಹೋಗುತ್ತಿದ್ದಳು. ಅಲ್ಲಿ ಯಾರೋ, ಏರಿಯಾ ಹೆಸರೆಲ್ಲ ಯಾಕೆ, ಸುಮ್ಮನೆ ಬೇರೆ ಏನಾದರೂ ಹೇಳು, ನಿನಗೇ ಒಳ್ಳೆಯದು ಅಂದರಂತೆ. “ಅರ್ಜೀಲಿ ಜಾತಿ ಬರೆದಿದ್ದೀಯಲ್ಲ, ಅದರಲ್ಲಿಲ್ಲದ ನಾಚಿಕೆ ಬೀದಿ ಹೆಸರಲ್ಲಿ ಯಾಕೆ?” ಎಂದೆ. “ಅದು ಕಾಗದ ಅಮ್ಮ. ಇದು ಬಾಯಿ” ಅಂದಳು.

ನನಗೆ ಬಯ್ಯಲು ನಾಲಿಗೆ ಬರಲಿಲ್ಲ. ಯಾಕೆಂದರೆ ಇದೇ ಸುಳ್ಳನ್ನು ನಾನೂ ಹೇಳಿದ್ದೆ. ಎಸ್.ಎಸ್.ಎಲ್.ಸಿ. ಆಗಿ ಎರಡು ವರ್ಷಕ್ಕೆ, ಒಂದು ಬಟ್ಟೆ ಅಂಗಡಿಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ಮನೆ ಎಲ್ಲಿ ಅಂದರು. ನಂಜುಮಳಿಗೆ ಹತ್ತಿರ ಅಂದೆ. ಕೆಲಸ ಸಿಕ್ಕಿತು. ಆಮೇಲೆ ಎಂಟು ತಿಂಗಳು ಸಂಜೆ ಹೊತ್ತು ಜೊತೆಯ ಹುಡುಗಿಯರು ನೋಡುತ್ತಾರೆಂದು ನಂಜುಮಳಿಗೆಯಲ್ಲೇ ಬಸ್ಸಿಳಿದು, ಅಲ್ಲಿಂದ ಮನೆಯವರೆಗೆ ನಡೆದು ಬರುತ್ತಿದ್ದೆ, ಮಳೆ ಬಂದರೂ. ಒಬ್ಬಳು ಗೆಳತಿ ಗೌರಿಹಬ್ಬಕ್ಕೆ ನಿಮ್ಮನೆಗೆ ಬರ್ತೀನಿ ಕಣೇ ಅಂದಾಗ, ಮನೆಯಲ್ಲಿ ಮೈಲಿಗೆ ಎಂದು ಇನ್ನೊಂದು ಸುಳ್ಳು. ಅಂಗಡಿಯಲ್ಲಿ ಯಾರೂ ನನ್ನನ್ನು ಏನೂ ಅಂದವರಲ್ಲ. ಅನ್ನುತ್ತಾರೇನೋ ಎಂಬ ಹೆದರಿಕೆಯಲ್ಲೇ ಎಂಟು ತಿಂಗಳು ಕಳೆದೆ. ಆ ರಾತ್ರಿ ಇದನ್ನು ಮಗಳಿಗೆ ಹೇಳಿದೆ. ನನ್ನ ಯಜಮಾನರಿಗೂ ಅದುವರೆಗೆ ಹೇಳಿರಲಿಲ್ಲ.

“ಹಾಗಾದ್ರೆ ಅಶೋಕಪುರಂ ಅಂತ ಹೇಳಿ, ಆಮೇಲೆ ಏನು ಹೇಳ್ಲಿ? ಅಲ್ಲೇನಿದೆ ಅಂತ ಕೇಳಿದ್ರೆ?” ಅಂದಳು. ಮುಂದಿನ ಭಾನುವಾರ ಕೈಯಲ್ಲೊಂದು ನೋಟುಪುಸ್ತಕ ಹಿಡಿದು ತಾಯಿ ಮಗಳಿಬ್ಬರೂ ಹೊರಟೆವು. ದೊಡ್ಡಪ್ಪನೂ ಜೊತೆಗೆ.

ಮೊದಲು ರೈಲ್ವೆ ವರ್ಕ್‌ಶಾಪು. ನಮ್ಮಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ಎಣ್ಣೆ ವಾಸನೆಯ ನೀಲಿ ಅಂಗಿ ಬಿಟ್ಟರೆ ಅದರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಅದು ಶುರುವಾದದ್ದು 1924ರಲ್ಲಿ, ಮಹಾರಾಜರ ಕಾಲದಲ್ಲಿ. ಅಂದರೆ ನೂರು ವರ್ಷ ದಾಟಿದೆ. ಓಡಿ ಸವೆದ ಬೋಗಿಗಳನ್ನು ತಂದು, ಗಾಲಿ, ಬ್ರೇಕು, ಸೀಟು ಎಲ್ಲ ಬಿಚ್ಚಿ, ರಿಪೇರಿ ಮಾಡಿ, ಬಣ್ಣ ಹೊಡೆದು ಕಳಿಸುತ್ತಾರೆ. ಗೇಟಿನ ಹೊರಗೆ ನಿಂತು ದೊಡ್ಡಪ್ಪ ಕೇಳಿದರು: “ಒಂದು ಬೋಗಿ ಒಳಗಡೆ ಒಂದು ದಿನ ಹೆಚ್ಚು ನಿಂತರೆ ರೈಲ್ವೆಗೆ ಏನು ನಷ್ಟ?” ಮಗಳು ಅಲ್ಲೇ ನಿಂತು ಸೀಟು, ಟಿಕೆಟ್ಟು, ಸಂಬಳ ಎಂದು ಲೆಕ್ಕ ಹಾಕತೊಡಗಿದಳು. ಓಹೋ, ಇವರು ಎರಡು ವರ್ಷ ಕೂತು ಓದುವುದು ಇದನ್ನೇ ಏನು, ಎಂದು ನನಗೆ ಆಗ ಸ್ವಲ್ಪ ಅರ್ಥವಾಯಿತು.

ಅಲ್ಲಿಂದ ಮಾನಂದವಾಡಿ ರಸ್ತೆಗೆ ಬಂದರೆ ರೇಷ್ಮೆ ನೇಯ್ಗೆ ಕಾರ್ಖಾನೆ. ಮೈಸೂರು ಸಿಲ್ಕ್ ಸೀರೆ ಎಂದರೆ ಬಾಯಿಬಿಡದ ಹೆಂಗಸಿಲ್ಲ, ಆದರೆ ಅದು ಹುಟ್ಟುವುದು ನಮ್ಮ ಮಗ್ಗುಲಲ್ಲೇ ಎಂಬುದು ಎಷ್ಟು ಜನಕ್ಕೆ ಗೊತ್ತು? 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 10 ಮಗ್ಗಗಳಿಂದ ಆರಂಭ. ಆಗ ನೇಯುತ್ತಿದ್ದದ್ದು ಅರಮನೆಯವರಿಗೆ ಮತ್ತು ಸೈನ್ಯದ ಅಲಂಕಾರದ ಬಟ್ಟೆಗೆ. 1980ರಿಂದ ಇದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ನೂಲು ತೆಗೆಯುವ ಕೆಲಸ ತಿ. ನರಸೀಪುರದಲ್ಲಿ. ಜರಿಯಲ್ಲಿ ಶೇಕಡ 65 ಬೆಳ್ಳಿ, 0.65 ಚಿನ್ನ. ಪ್ರತಿ ಸೀರೆಗೂ ಬೇರೆ ಬೇರೆ ನಂಬರು, ನಕಲಿ ಮಾಡಬಾರದೆಂದು. ಇಷ್ಟನ್ನೂ ಮಗಳು ಬರೆದುಕೊಂಡಳು. “ಜನ ಸಾಲು ನಿಲ್ತಾರೆ, ಆದರೂ ಸೀರೆ ಸಾಲಲ್ಲ. ಮಗ್ಗ ಹೆಚ್ಚಿಸಬಹುದಲ್ಲ?” ಎಂದು ನಾನೇ ಕೇಳಿದೆ. ಕೇಳಿದ್ದಕ್ಕೆ ದೊಡ್ಡಪ್ಪ ನನ್ನನ್ನೇ ಇಂಟರ್‌ವ್ಯೂಗೆ ಕಳಿಸೋಣ ಅಂದರು!

ಕೊನೆಗೆ ಅಂಬೇಡ್ಕರ್ ಪಾರ್ಕು. ಏಪ್ರಿಲ್ 14 ಬಂದರೆ ನಮ್ಮ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೆರವಣಿಗೆಗೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಸಂವಿಧಾನ ಬರೆದವರು ಎಂಬುದು ಇಲ್ಲಿ ಎಳೆಮಗುವಿಗೂ ಗೊತ್ತು. ಆದರೆ ದೊಡ್ಡಪ್ಪ ಅವತ್ತು ಕಲ್ಲುಬೆಂಚಿನ ಮೇಲೆ ಕೂತು ಹೇಳಿದ್ದು ಬೇರೆ. 1913ರಲ್ಲಿ, 22ನೇ ವಯಸ್ಸಿನಲ್ಲಿ, ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಓದಿದ್ದು ಅರ್ಥಶಾಸ್ತ್ರ. ಆಮೇಲೆ ಲಂಡನ್ನಿನಲ್ಲಿ, 1923ರಲ್ಲಿ ಪ್ರಕಟವಾದ ಅವರ ಪುಸ್ತಕ ನಮ್ಮ ರೂಪಾಯಿಯ ಸಮಸ್ಯೆಯನ್ನು ಕುರಿತದ್ದು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗ ಎಂಬ ರಾಯಲ್ ಕಮಿಷನ್ ಮುಂದೆ ಕೂತು, ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದ್ದರು. “ಅದೂ ಒಂದು ಇಂಟರ್‌ವ್ಯೂನೇ ಕಣವ್ವ. ಅವರು ಎಲ್ಲಿಂದ ಬಂದವರು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು” ಎಂದರು. ಮಗಳು ನೋಟುಪುಸ್ತಕ ಮುಚ್ಚಿ ಸುಮ್ಮನೆ ಕೂತಳು. ನಾನು ಮೂವರಿಗೂ ಸೌತೆಕಾಯಿ ಕೊಯ್ದು ಕೊಟ್ಟೆ.

ಮಾರ್ಚಿಯಲ್ಲಿ ಸಂದರ್ಶನ. ನಾನೂ ಹೋದೆ, ಅವಳಪ್ಪನಿಗೆ ರಜೆ ಸಿಗಲಿಲ್ಲ. ಅಶೋಕಪುರದಲ್ಲೇ ರೈಲು ಹತ್ತಿದೆವು. ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡಿದ್ದೆ. ಇಸ್ತ್ರಿ ಮಾಡಿದ ತಿಳಿ ನೀಲಿ ಚೂಡಿದಾರ್, ಫೈಲಿನಲ್ಲಿ ಮೂಲಪತ್ರಗಳು, ಒಂದಕ್ಕೆ ಎರಡು ಜೆರಾಕ್ಸ್. ಮೊದಲು ಒಂದು ವಿಷಯ ಕೊಟ್ಟು ಬರೆಯಲು ಹೇಳುತ್ತಾರೆ, ಆಮೇಲೆ ಒಳಗೆ ಕರೆಯುತ್ತಾರೆ. ಹೊರಗೆ ನನ್ನಂತೆ ಕಾಯುತ್ತಿದ್ದ ತಾಯಂದಿರು ಇನ್ನೂ ನಾಲ್ವರಿದ್ದರು. ಒಬ್ಬರು ಹುಬ್ಬಳ್ಳಿಯವರು, ಮಗನಿಗಿಂತ ಅವರೇ ಹೆಚ್ಚು ಬೆವರುತ್ತಿದ್ದರು. ನಿಮ್ಮದು ಯಾವೂರು ಎಂದು ನನ್ನನ್ನು ಕೇಳಿದರು. ಮೈಸೂರು, ಅಶೋಕಪುರಂ ಅಂದೆ. ಅವರಿಗೆ ಅದು ಎಲ್ಲಿದೆಯೋ ಗೊತ್ತೂ ಇಲ್ಲ! ರೇಷ್ಮೆ ಕಾರ್ಖಾನೆ ಹತ್ತಿರ ಎಂದೊಡನೆ, ಅಲ್ಲಿ ಸೀರೆ ಕಡಿಮೆಗೆ ಸಿಗುತ್ತದೆಯೆ ಎಂದು ವಿಚಾರಿಸಿದರು.

ಇಪ್ಪತ್ತು ನಿಮಿಷಕ್ಕೆ ಮಗಳು ಹೊರಬಂದಳು. ಮುಖ ಕೆಂಪಾಗಿತ್ತು. ಒಳಗೆ ಮೂವರಿದ್ದರಂತೆ. ಎಲ್ಲಿಂದ ಎಂದು ಅವರು ಕೇಳಿಯೇ ಇಲ್ಲ, ನಿನ್ನ ಬಗ್ಗೆ ಹೇಳು ಅಂದರಷ್ಟೆ. ಇವಳೇ ಅಶೋಕಪುರಂ ಎಂದು ಶುರುಮಾಡಿ ತಾತನ ವರ್ಕ್‌ಶಾಪು, ರೇಷ್ಮೆ ಕಾರ್ಖಾನೆ ಎಲ್ಲ ಹೇಳಿದಳು. ಒಬ್ಬರು ಅದನ್ನೇ ಹಿಡಿದುಕೊಂಡರಂತೆ: ನೀನು ಅಲ್ಲಿ ಮ್ಯಾನೇಜರ್ ಆದರೆ ಮಗ್ಗ ಹೆಚ್ಚಿಸುತ್ತೀಯಾ? ಕಲಿತ ನೇಕಾರರು ಸಿಗಬೇಕು, ಗುಣಮಟ್ಟ ಕೆಟ್ಟರೆ ಹೆಸರೇ ಹೋಗುತ್ತದೆ, ಮೊದಲು ನಮ್ಮ ಬಡಾವಣೆಯ ಹೆಣ್ಣುಮಕ್ಕಳಿಗೆ ತರಬೇತಿ ಕೊಡಿಸುತ್ತೇನೆ ಅಂದಳಂತೆ. ಅಲ್ಲಿಯವರೆಗೆ ಸರಿ. ಆಡಿಟ್ ಕಚೇರಿಯಲ್ಲಿದ್ದೀಯಲ್ಲ ಎಂದು ತೆರಿಗೆಯ ಮೇಲೆ ಕೇಳಿದ ಪ್ರಶ್ನೆಗೆ ತಡವರಿಸಿದಳು. ತನ್ನ ಕೆಲಸದ್ದೇ ಪ್ರಶ್ನೆ! ಊರನ್ನೆಲ್ಲ ಸುತ್ತಿಸಿದ ನಾವು ಅದನ್ನು ಓದಿಸಿರಲಿಲ್ಲ. ನಿಮ್ಮ ಮಕ್ಕಳಿಗೆ ಇದನ್ನು ಮರೆಯಬೇಡಿ, ಅವರು ಈಗ ಮಾಡುತ್ತಿರುವ ಕೆಲಸವನ್ನೇ ಮೊದಲು ಕೆದಕುತ್ತಾರೆ.

ಎರಡನೆಯ ಕಡೆ ಇನ್ನೂ ಚೆನ್ನಾಗಿ ಆಯಿತಂತೆ. ಮೊದಲನೆಯದರಲ್ಲಿ ಆಯ್ಕೆಯಾಗಲಿಲ್ಲ. ಎರಡನೆಯದರಲ್ಲಿ ಕಾಯುವ ಪಟ್ಟಿಯಲ್ಲಿದ್ದಾಳೆ. ದೊಡ್ಡ ಐ.ಐ.ಎಂ.ಗಳಲ್ಲಿ ಎರಡು ವರ್ಷದ ಖರ್ಚು 20 ಲಕ್ಷಕ್ಕೂ ಮೇಲೆ. ಬ್ಯಾಂಕುಗಳು ಆಸ್ತಿ ಅಡವಿಲ್ಲದೆಯೂ ಸಾಲ ಕೊಡುತ್ತವೆ ಎಂದು ದೊಡ್ಡಪ್ಪ ಹೇಳಿದ ಮೇಲೂ ನನ್ನ ಯಜಮಾನರಿಗೆ ನಿದ್ದೆ ಹತ್ತುತ್ತಿಲ್ಲ. ಮನೆಯಲ್ಲೇ ಇದ್ದು ಓದುವುದಾದರೆ ಮಾನಸಗಂಗೋತ್ರಿಯಲ್ಲೂ ಎಂ.ಬಿ.ಎ. ಇದೆ. ಅದಕ್ಕೆ ರಾಜ್ಯದ ಪಿ.ಜಿ.ಸಿ.ಇ.ಟಿ. ಬರೆದು ರ್‍ಯಾಂಕ್ ಮೇಲೆ ಸೀಟು, ಸಂದರ್ಶನದ ಗೋಜಿಲ್ಲ. ಆ ಅರ್ಜಿಯನ್ನೂ ಹಾಕಿದ್ದಾಳೆ.

ಬೆಂಗಳೂರಿನಿಂದ ಹಿಂದಿರುಗುವಾಗ ನಿಲ್ದಾಣದಲ್ಲಿ ನಮ್ಮ ಗಾಡಿ ಎಲ್ಲಿ ನಿಲ್ಲುತ್ತದೆಂದು ಹುಡುಕುತ್ತಿದ್ದೆವು. ಮೈಕಿನಲ್ಲಿ ಮೂರು ಭಾಷೆಯಲ್ಲಿ ಅಶೋಕಪುರಂ, ಅಶೋಕಪುರಂ ಎಂದು ಕೂಗಿದರು. ಅಷ್ಟೊಂದು ಜನರ ನಡುವೆ! ಮಗಳು ನನ್ನ ಮುಖ ನೋಡಿದಳು. “ನಡಿ, ಸೀಟು ಹಿಡಿಯೋಣ” ಅಂದೆ. ಬುತ್ತಿಯಲ್ಲಿ ಉಳಿದಿದ್ದ ಮೊಸರನ್ನವನ್ನು ರಾಮನಗರ ದಾಟಿದ ಮೇಲೆ ಇಬ್ಬರೂ ತಿಂದೆವು.